ಕಾಂಪೌಂಡ್ ಗೋಡೆಯ ಆಚೆ

ನನ್ನ ಅಕ್ಕನ ಮಗಳು ಈ ವರ್ಷ ಬಿ.ಕಾಂ. ಮುಗಿಸಿದಳು. ಮೂರು ವರ್ಷ ಕಡಕೊಳದಿಂದ ನಂಜನಗೂಡಿಗೆ ಬಸ್ಸಿನಲ್ಲಿ ಓಡಾಡಿ, ಟ್ಯೂಷನ್ನಿನ ಹಂಗಿಲ್ಲದೆ ಫಸ್ಟ್ ಕ್ಲಾಸಿನಲ್ಲಿ ಪಾಸಾದಳು. ಮೊನ್ನೆ ಮೈಸೂರಿನಲ್ಲಿ ಅವಳ ಮೊದಲ ಇಂಟರ್‌ವ್ಯೂ ಇತ್ತು. ಸಂಜೆ ಬಂದವಳು ಚಪ್ಪಲಿ ಬಿಡುವಾಗಲೇ ಹೇಳಿದಳು: "ಮಾವ, ಅಕೌಂಟ್ಸ್ ಕೇಳಿದ್ದಕ್ಕೆಲ್ಲ ಉತ್ತರ ಹೇಳ್ದೆ. ಕೊನೇಲಿ ನಿಮ್ಮ ಪ್ಯಾಶನ್ ಏನು ಅಂದ್ರು. ಬಾಯೇ ಬರ್ಲಿಲ್ಲ. ನಂಗೆ ಅಂಥದ್ದೇನೂ ಇಲ್ವಲ್ಲ ಮಾವ?"

ಕೆಲಸ ಸಿಗುತ್ತದೋ ಇಲ್ಲವೋ ಎಂಬ ಚಿಂತೆ ಅವಳಿಗೆ ಅಷ್ಟಾಗಿ ಇರಲಿಲ್ಲ. ಎಲ್ಲರ ಹತ್ತಿರವೂ ಇರುವ ಏನೋ ಒಂದು ತನ್ನ ಹತ್ತಿರ ಮಾತ್ರ ಇಲ್ಲ ಎಂಬ ಅಳುಕು ಆ ದನಿಯಲ್ಲಿತ್ತು. ಅವಳ ವಯಸ್ಸಿನ ಇನ್ನೂ ಕೆಲವರ ಬಾಯಲ್ಲಿ ಇದೇ ಮಾತು ಕೇಳಿದ್ದೇನೆ. ಪದವಿ ಪ್ರದಾನದ ಭಾಷಣಗಳಲ್ಲಿ, ಮೊಬೈಲಿಗೆ ಬರುವ ವಿಡಿಯೊಗಳಲ್ಲಿ, ಪ್ಲೇಸ್‌ಮೆಂಟ್ ತರಬೇತಿಯಲ್ಲಿ ಮತ್ತೆ ಮತ್ತೆ ಬರುವ ಮಾತು ಒಂದೇ: ನಿನ್ನ ಪ್ಯಾಶನ್ ಹುಡುಕಿಕೋ, ಅದರ ಬೆನ್ನು ಹತ್ತು, ಉಳಿದದ್ದೆಲ್ಲ ತಾನಾಗಿ ಬರುತ್ತದೆ. 2005ರಲ್ಲಿ ಸ್ಟೀವ್ ಜಾಬ್ಸ್ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಪದವೀಧರರಿಗೆ, ಇಷ್ಟವಾದ ಕೆಲಸ ಸಿಗುವ ತನಕ ಹುಡುಕುತ್ತಲೇ ಇರಿ ಎಂದರು. ಆ ಭಾಷಣವನ್ನು ನಮ್ಮ ಹಳ್ಳಿ ಕಾಲೇಜಿನ ಮಕ್ಕಳೂ ನೋಡಿದ್ದಾರೆ. ಆದರೆ ಅದೇ ಜಾಬ್ಸ್ ಕಾಲೇಜು ಬಿಟ್ಟು, ಅಕ್ಷರ ಬರೆಯುವ ಕಲೆಯ ತರಗತಿಯಲ್ಲಿ ಕೂತು, 1974ರಲ್ಲಿ ಭಾರತಕ್ಕೆ ಬಂದು ಆಶ್ರಮ ಸುತ್ತಿ ಹೋದವರು. ಕಂಪ್ಯೂಟರೇ ತನ್ನ ಬದುಕು ಎಂದು ಇಪ್ಪತ್ತನೇ ವಯಸ್ಸಿಗೆ ನಿಶ್ಚಯ ಮಾಡಿಕೊಂಡು ಹೊರಟವರಲ್ಲ. ಹೇಳಿದ್ದು ಒಂದು, ಬದುಕಿದ್ದು ಇನ್ನೊಂದು. ಬದುಕಿದ್ದೇ ಹೆಚ್ಚು ನಂಬತಕ್ಕದ್ದು ಎಂಬುದು ನನ್ನ ಎಣಿಕೆ.

ಅವಳಿಗೆ ಆ ಸಂಜೆ ನಾನು ಉಪದೇಶ ಮಾಡಲಿಲ್ಲ. ಒಂದು ಪ್ರಶ್ನೆ ಕೇಳಿದೆ. "ದಿನಾ ಬಸ್ಸಲ್ಲಿ ಹೋಗ್ತಿದ್ದೆಯಲ್ಲ, ಇಲ್ಲಿ ಕಂಟೈನರ್ ಡಿಪೋ ಇದೆಯಲ್ಲ, ಅದರೊಳಗೆ ಏನು ಮಾಡ್ತಾರೆ?"

"ಲಾರಿ ನಿಲ್ಸ್ತಾರೆ," ಅಂದಳು.

ಕಡಕೊಳ ಗೊತ್ತಿಲ್ಲದವರಿಗೆ ಎರಡು ಮಾತು. ಮೈಸೂರಿನಿಂದ ನಂಜನಗೂಡು ರಸ್ತೆ ಹಿಡಿದು, ಮಂಡಕಳ್ಳಿ ವಿಮಾನ ನಿಲ್ದಾಣ ದಾಟಿದರೆ ನಮ್ಮೂರು. ಊರು ಈಚೆಗೆ ಪಟ್ಟಣ ಪಂಚಾಯಿತಿಯಾಯಿತು. ಚಾಮರಾಜನಗರದ ರೈಲು ಇಲ್ಲಿ ನಿಲ್ಲುತ್ತದೆ. ಊರಿಗೆ ಹೊಂದಿಕೊಂಡ ಬ್ಯಾತಹಳ್ಳಿಯಲ್ಲಿ ಟಿವಿಎಸ್ ಕಾರ್ಖಾನೆ, ಸುತ್ತ ಅದಕ್ಕೆ ಬಿಡಿಭಾಗ ಒದಗಿಸುವವರು, ಆಚೆ ಡಿಪೋ. ಇನ್ನೂ ಮುಂದೆ ಹೋದರೆ ನಂಜನಗೂಡಿನ ಕೈಗಾರಿಕಾ ಪ್ರದೇಶ: 1989ರಲ್ಲಿ ಶುರುವಾದ ನೆಸ್ಲೆ ಕಾಫಿ ಕಾರ್ಖಾನೆ, ಔಷಧ ಮಾಡುವವರು, ಎಲೆಕ್ಟ್ರಾನಿಕ್ ಉಪಕರಣಗಳ ಸರ್ಕ್ಯೂಟ್ ಬೋರ್ಡ್ ಮಾಡುವವರು, ಬಣ್ಣ ಮಾಡುವವರು. ಒಂದು ಕಾಲಕ್ಕೆ ಭತ್ತ, ರಾಗಿ, ರಸಬಾಳೆಯ ಸೀಮೆ. ಈಗ ಬೆಳಗಿನ ಜಾವದ ಕತ್ತಲಲ್ಲೇ ಫಸ್ಟ್ ಶಿಫ್ಟಿನ ಬಸ್ಸುಗಳು ರಸ್ತೆಗಿಳಿಯುತ್ತವೆ.

ಇಷ್ಟೆಲ್ಲ ಕೆಲಸದ ನಡುವೆ ಬೆಳೆದ ಹುಡುಗಿ ಮೂರು ವರ್ಷದಲ್ಲಿ ಕಂಡದ್ದು ಕಾಂಪೌಂಡ್ ಗೋಡೆ ಮತ್ತು ಸೆಕ್ಯುರಿಟಿ ಗೇಟು. ಆ ಡಿಪೋದೊಳಗೆ ಬಿ.ಕಾಂ. ಓದಿದವರು ಮಾಡುವ ಕೆಲಸ ಏನೆಂದು ನಾನು ಅವಳಿಗೆ ಹೇಳುತ್ತ ಹೋದೆ. ಒಂದು ಕಂಟೈನರ್ ಇಲ್ಲಿಂದ ಚೆನ್ನೈ ಬಂದರಿಗೆ ಹೊರಡಬೇಕಾದರೆ ಇನ್‌ವಾಯ್ಸ್, ಇ-ವೇ ಬಿಲ್, ಶಿಪ್ಪಿಂಗ್ ಬಿಲ್ ಮೂರೂ ಒಂದಕ್ಕೊಂದು ತಾಳೆಯಾಗಬೇಕು. ತೂಕ, ಸೀಲಿನ ನಂಬರು, ಜಿಎಸ್‌ಟಿ ನಂಬರು ಎಲ್ಲೂ ತಪ್ಪಬಾರದು. ಒಂದು ಅಂಕಿ ತಪ್ಪಿದರೆ ಸರಕು ಅಲ್ಲೇ ಕೂತುಬಿಡುತ್ತದೆ, ದಿನಕ್ಕಿಷ್ಟು ಎಂದು ದಂಡ ಏರುತ್ತದೆ, ಆಚೆ ಕಡೆ ಆ ಸರಕಿಗೆ ಕಾಯುವವರ ಕೆಲಸ ನಿಲ್ಲುತ್ತದೆ. ಅವಳು ಕಣ್ಣರಳಿಸಿ ಕೇಳಿದಳು. "ಇದೆಲ್ಲ ನಮ್ಮ ಟ್ಯಾಲಿಯಲ್ಲೇ ಇರೋದು ಮಾವ. ಯಾರೂ ಹೀಗೆ ಹೇಳ್ಲೇ ಇಲ್ಲ" ಅಂದಳು.

ಯಾರೂ ಹೇಳಿರಲಿಲ್ಲ, ಯಾರೂ ತೋರಿಸಿರಲಿಲ್ಲ. ಎಳೆಯ ಮಕ್ಕಳನ್ನು ದೊಡ್ಡವರಾದ ಮೇಲೆ ಏನಾಗುತ್ತೀರಿ ಎಂದು ಕೇಳಿ ನೋಡಿ. ಡಾಕ್ಟರು, ಟೀಚರು, ಪೊಲೀಸು, ಕಂಡಕ್ಟರು ಎನ್ನುತ್ತಾರೆ. ಅವರು ಕಂಡದ್ದು ಅಷ್ಟೇ. ಇಪ್ಪತ್ತೊಂದನೇ ವಯಸ್ಸಿಗೆ ಬಂದ ಪದವೀಧರರ ಪಟ್ಟಿಯೂ ಅದಕ್ಕಿಂತ ಬಹಳ ಉದ್ದವಿಲ್ಲ. ಬ್ಯಾಂಕು, ಸಾಫ್ಟ್‌ವೇರು, ಕೆಎಎಸ್ ಸೇರಿಕೊಂಡಿರುತ್ತವೆ. ಕಣ್ಣಿಗೇ ಬೀಳದ ಕೆಲಸದ ಮೇಲೆ ಒಲವು ಹುಟ್ಟುವುದು ಹೇಗೆ? ಒಲವು ಒಳಗೆಲ್ಲೋ ಹುದುಗಿಕೊಂಡಿದೆ, ಕಣ್ಮುಚ್ಚಿ ಹುಡುಕಿದರೆ ಸಿಗುತ್ತದೆ ಎಂದು ನಂಬಿಸಿ ನಾವು ಈ ಮಕ್ಕಳನ್ನು ಕಂಗೆಡಿಸಿದ್ದೇವೆ.

ಇದು ನನ್ನೊಬ್ಬನ ಅನಿಸಿಕೆಯಲ್ಲ. ಪಾಲ್ ಓಕೀಫ್, ಕ್ಯಾರಲ್ ಡ್ವೆಕ್, ಗ್ರೆಗರಿ ವಾಲ್ಟನ್ ಎಂಬ ಮನಶ್ಶಾಸ್ತ್ರಜ್ಞರು 2018ರಲ್ಲಿ ಇದರ ಬಗ್ಗೆಯೇ ಒಂದು ಅಧ್ಯಯನ ಪ್ರಕಟಿಸಿದರು. ಆಸಕ್ತಿ ಹುಟ್ಟಿನಿಂದಲೇ ಇರುತ್ತದೆ, ಅದನ್ನು ಹುಡುಕಿಕೊಳ್ಳಬೇಕು ಎಂದು ನಂಬಿದವರು ಒಂದು ಕಡೆ. ಆಸಕ್ತಿ ಬೆಳೆಸಿಕೊಂಡರೆ ಬೆಳೆಯುತ್ತದೆ ಎಂದು ನಂಬಿದವರು ಇನ್ನೊಂದು ಕಡೆ. ಕಪ್ಪುಕುಳಿಗಳ ಬಗ್ಗೆ ಸೊಗಸಾದ ಒಂದು ವಿಡಿಯೊ ತೋರಿಸಿದಾಗ ಎರಡೂ ಬಗೆಯವರಿಗೆ ಹುರುಪು ಬಂತು. ಆಮೇಲೆ ಅದೇ ವಿಷಯದ ಕಠಿಣವಾದ ವೈಜ್ಞಾನಿಕ ಲೇಖನ ಓದಲು ಕೊಟ್ಟರು. ಹುಡುಕಿಕೊಳ್ಳಬೇಕು ಎಂದು ನಂಬಿದವರ ಹುರುಪು ಅಲ್ಲಿ ಹೆಚ್ಚು ಬೇಗ ಇಳಿಯಿತು. ಕಷ್ಟವಾಗುತ್ತಿದ್ದಂತೆ, ಓ ಇದು ನನ್ನದಲ್ಲ ಎಂದುಕೊಂಡುಬಿಟ್ಟರು. ಕೆಲಸಕ್ಕೆ ಸೇರಿದ ನಾಲ್ಕನೇ ತಿಂಗಳಿಗೆ ಬ್ಯಾಗು ಕಟ್ಟಿಕೊಂಡು ಬರುವ ಹುಡುಗರನ್ನು ಕಂಡಾಗಲೆಲ್ಲ ನನಗೆ ಆ ಅಧ್ಯಯನ ನೆನಪಾಗುತ್ತದೆ. ಎಲ್ಲ ಕೆಲಸಕ್ಕೂ ಒಂದು ನಾಲ್ಕನೇ ತಿಂಗಳು ಇದ್ದೇ ಇರುತ್ತದೆ. ಹೊಸತನ ಕಳೆದಿರುತ್ತದೆ, ಕೈ ಇನ್ನೂ ಪಳಗಿರುವುದಿಲ್ಲ. ಬೇಸಾಯದಲ್ಲಾದರೂ ಅಷ್ಟೆ, ಸಂಗೀತದಲ್ಲಾದರೂ ಅಷ್ಟೆ.

ನಮ್ಮ ಜಿಲ್ಲೆಯಲ್ಲೇ ನಡೆದ ಒಂದು ಸಂಗತಿಯನ್ನು ಈ ಮಕ್ಕಳಿಗೆ ಸ್ವಲ್ಪ ವಿವರವಾಗಿ ಹೇಳಬೇಕು ಎಂದು ಬಹಳ ದಿನದಿಂದ ಅಂದುಕೊಂಡಿದ್ದೆ.

1984ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನಲ್ಲಿ ಓದುತ್ತಿದ್ದ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಅವರ ಗೆಳೆಯರು ವಿವೇಕಾನಂದರ ಹೆಸರಿನಲ್ಲಿ ಒಂದು ಗುಂಪು ಕಟ್ಟಿಕೊಂಡರು. ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಎಂದು ಇವತ್ತು ಹೆಸರಾಗಿರುವುದು ಅದೇ. ಇವತ್ತಿನ ಆಸ್ಪತ್ರೆ, ಶಾಲೆಗಳನ್ನು ನೋಡಿದವರು ಅವರು ಮೊದಲ ದಿನವೇ ದೊಡ್ಡ ಕನಸು ಕಂಡು ಹೊರಟಿರಬೇಕು ಎಂದುಕೊಳ್ಳುತ್ತಾರೆ. ಮೊದಲ ಮೂರು ವರ್ಷ ಅವರು ಮಾಡಿದ್ದು ಬಹಳ ಸಣ್ಣ ಕೆಲಸ. ಔಷಧ ಕಂಪನಿಯವರು ಡಾಕ್ಟರುಗಳಿಗೆ ಕೊಟ್ಟು ಹೋಗುವ ಸ್ಯಾಂಪಲ್ ಮಾತ್ರೆಗಳನ್ನು ಕೇಳಿ ತಂದು, ಕೊಂಡುಕೊಳ್ಳಲಾಗದ ರೋಗಿಗಳಿಗೆ ಹಂಚುವುದು. ರಕ್ತ ಬೇಕಾದವರಿಗೆ ಕೊಡುವವರನ್ನು ಹುಡುಕಿ ಕರೆತರುವುದು. ವಾರಕ್ಕೊಮ್ಮೆ ಹಳ್ಳಿಗೆ ಹೋಗಿ ರೋಗಿಗಳನ್ನು ನೋಡುವುದು. ಯಾವ ಕಾಲೇಜಿನ ಯಾವ ವಿದ್ಯಾರ್ಥಿಯೂ ಓದಿನ ನಡುವೆ ಮಾಡಬಹುದಾದ ಕೆಲಸ ಇದು.

1987ರಲ್ಲಿ ಅವರು ಹೆಗ್ಗಡದೇವನಕೋಟೆಗೆ ಹೋದರು. ಅಲ್ಲಿನ ಜೇನುಕುರುಬರು, ಕಾಡುಕುರುಬರು ಎರಡು ಸಲ ನೆಲೆ ಕಳೆದುಕೊಂಡವರು. ಬಂಡೀಪುರ 1973ರಲ್ಲಿ ಹುಲಿ ಯೋಜನೆಗೆ ಸೇರಿತು; ಕಬಿನಿ ಅಣೆಕಟ್ಟು 1974ರಲ್ಲಿ ಮುಗಿದು ಹಿನ್ನೀರು ಹಬ್ಬಿತು. ಕಾಡೂ ಹೋಯಿತು, ನೆಲವೂ ಹೋಯಿತು. ಬ್ರಹ್ಮಗಿರಿ ಎಂಬ ಹಾಡಿಯಲ್ಲಿ, ಅಂದರೆ ಆದಿವಾಸಿಗಳ ಸಣ್ಣ ಊರಿನಲ್ಲಿ, ಹುಡುಗ ಡಾಕ್ಟರುಗಳು ಒಂದು ಸಣ್ಣ ಕ್ಲಿನಿಕ್ ಶುರು ಮಾಡಿದರು. ಮಾತ್ರೆಯಿಂದ ವಾಸಿಯಾಗದ್ದು ಅಲ್ಲಿ ಬೇಕಾದಷ್ಟಿತ್ತು. ಮಕ್ಕಳಿಗೆ ಶಾಲೆಯಿರಲಿಲ್ಲ. ದನದ ಕೊಟ್ಟಿಗೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಪಾಠ ಶುರುವಾಯಿತು. ಅದು ಮುಂದೆ ಹೊಸಹಳ್ಳಿಯ ಗಿರಿಜನ ಶಾಲೆಯಾಯಿತು. ಕ್ಲಿನಿಕ್ಕು ಕೆಂಚನಹಳ್ಳಿಯಲ್ಲಿ ಹಾಸಿಗೆಗಳಿರುವ ಆಸ್ಪತ್ರೆಯಾಯಿತು, ಆಮೇಲೆ ಸರಗೂರಿನಲ್ಲಿ ಇನ್ನೂ ದೊಡ್ಡದಾಯಿತು. ಹಾಡಿಯ ಕಷ್ಟಕ್ಕೆ ಮದ್ದು ಹಾಡಿಯಲ್ಲಷ್ಟೇ ಇಲ್ಲ, ಸರ್ಕಾರದ ನೀತಿಯಲ್ಲಿದೆ ಎಂದು ಕಂಡಾಗ ಬಾಲಸುಬ್ರಹ್ಮಣ್ಯಂ ಹಾರ್ವರ್ಡಿಗೆ ಹೋಗಿ ಸಾರ್ವಜನಿಕ ಆಡಳಿತ ಓದಿ ಬಂದರು.

ಇದರಲ್ಲಿ ನನಗೆ ಮುಖ್ಯವಾಗಿ ಕಾಣುವುದು ತ್ಯಾಗವಲ್ಲ. ಒಂದು ಕೆಲಸ ಮುಂದಿನ ಕೆಲಸವನ್ನು ತೋರಿಸುತ್ತ ಹೋದ ರೀತಿ. ಸ್ಯಾಂಪಲ್ ಮಾತ್ರೆ ಹಂಚದಿದ್ದರೆ ಹಳ್ಳಿಗೆ ಹೋಗುತ್ತಿರಲಿಲ್ಲ. ಹಳ್ಳಿಗೆ ಹೋಗದಿದ್ದರೆ ಹಾಡಿ ಕಾಣುತ್ತಿರಲಿಲ್ಲ. ಹಾಡಿಯಲ್ಲಿ ಕೂರದಿದ್ದರೆ ಶಾಲೆ ಬೇಕೆಂದು ಹೊಳೆಯುತ್ತಿರಲಿಲ್ಲ. ಹಾಸ್ಟೆಲ್ ರೂಮಿನಲ್ಲಿ ಕೂತು ನನ್ನ ಬದುಕಿನ ಗುರಿ ಏನು ಎಂದು ಯೋಚಿಸಿದ್ದರೆ ಇದು ಯಾವುದೂ ಯಾರ ತಲೆಗೂ ಬರುತ್ತಿರಲಿಲ್ಲ.

ಇದೇ ನಂಜನಗೂಡು ರಸ್ತೆಯಲ್ಲಿ ಮುಂದುವರಿದು ಚಾಮರಾಜನಗರ ಸೀಮೆಗೆ ಹೋದರೆ ಬಿಳಿಗಿರಿರಂಗನ ಬೆಟ್ಟ. ಅಲ್ಲಿ ಸೋಲಿಗರ ನಡುವೆ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದ ಡಾ. ಎಚ್. ಸುದರ್ಶನ್ ಅವರ ಹೆಸರು ಎಲ್ಲರಿಗೂ ಗೊತ್ತು. 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ, 2000ದಲ್ಲಿ ಪದ್ಮಶ್ರೀ. ನಾನು ಹುಡುಗರಿಗೆ ಎತ್ತಿ ಹೇಳುವುದು ಬೇರೆ ಎರಡು ಇಸವಿಗಳನ್ನು. ಅವರು ಬೆಂಗಳೂರು ಮೆಡಿಕಲ್ ಕಾಲೇಜಿನಿಂದ ಡಾಕ್ಟರಾಗಿ ಹೊರಬಿದ್ದದ್ದು 1973ರಲ್ಲಿ. ಬೆಟ್ಟದಲ್ಲಿ ಕೇಂದ್ರ ಸ್ಥಾಪನೆಯಾದದ್ದು 1981ರಲ್ಲಿ. ನಡುವೆ ಎಂಟು ವರ್ಷ. ಆ ವರ್ಷಗಳಲ್ಲಿ ಅವರು ರಾಮಕೃಷ್ಣ ಮಿಷನ್ನಿನ ಸೇವಾ ಕೇಂದ್ರಗಳಲ್ಲಿ, ಹಿಮಾಲಯದಲ್ಲಿ, ಬಂಗಾಳದಲ್ಲಿ, ಕೊಡಗಿನ ಪೊನ್ನಂಪೇಟೆಯಲ್ಲಿ ಕೆಲಸ ಮಾಡುತ್ತ ಕಲಿತರು. ಇಪ್ಪತ್ತೆರಡನೇ ವಯಸ್ಸಿಗೆ ಗುರಿ ಗೊತ್ತಿಲ್ಲ ಎಂದು ಅಳುವ ಹುಡುಗ ಹುಡುಗಿಯರು ಆ ಎಂಟು ವರ್ಷವನ್ನು ಒಂದು ಸಲ ಲೆಕ್ಕ ಹಾಕಲಿ.

ಹಾಗಂತ ಪದವಿ ಪಡೆದವರೆಲ್ಲ ಕಾಡಿಗೆ ಹೋಗಬೇಕು ಎಂದು ನಾನು ಹೇಳುತ್ತಿಲ್ಲ. ಹಾಡಿಯ ಮಗುವಿಗೆ ಜ್ವರ ಇಳಿಸುವುದು ಉದ್ದೇಶವಿರುವ ಕೆಲಸ, ಬೈಕಿನ ಬ್ರೇಕ್ ಪರೀಕ್ಷೆ ಮಾಡುವುದು ಹೊಟ್ಟೆಪಾಡು ಎಂಬ ವಿಂಗಡಣೆಯನ್ನು ನಾನು ಒಪ್ಪುವುದಿಲ್ಲ. ಅಸೆಂಬ್ಲಿ ಲೈನಿನಲ್ಲಿ ನಿಂತ ಹುಡುಗಿ ಒಂದು ನಟ್ಟನ್ನು ಸರಿಯಾದ ಬಿಗಿಗೆ ತಿರುಗಿಸದೆ ಬಿಟ್ಟರೆ, ಎಲ್ಲೋ ಮಂಡ್ಯದ ರಸ್ತೆಯಲ್ಲಿ ಹೆಂಡತಿ ಮಗುವನ್ನು ಹಿಂದೆ ಕೂರಿಸಿಕೊಂಡು ಹೋಗುವವನ ಗತಿ ಏನು? ಆ ಮೂವರ ಪ್ರಾಣ ಅವಳ ಕೈಯಲ್ಲಿದೆ. ಅವರು ಅವಳಿಗೆ ಕಾಣುವುದಿಲ್ಲ, ಅಷ್ಟೆ. ಔಷಧ ಕಾರ್ಖಾನೆಯ ಲ್ಯಾಬಿನಲ್ಲಿ ಕೂತ ಬಿ.ಎಸ್ಸಿ. ಹುಡುಗನಿಗೂ ಅವನ ರೋಗಿ ಕಾಣುವುದಿಲ್ಲ. ಉದ್ದೇಶ ಎಂಬುದು ಹಲವು ಸಲ ಇಷ್ಟೇ: ನನ್ನ ಕೆಲಸದ ಆ ತುದಿಯಲ್ಲಿ ನಿಂತವರು ಯಾರು ಎಂದು ತಿಳಿದುಕೊಳ್ಳುವುದು.

ಏಮಿ ರೆಸ್ನೆಸ್ಕಿ ಮತ್ತು ಜೇನ್ ಡಟನ್ ಎಂಬ ಇಬ್ಬರು ಸಂಶೋಧಕಿಯರು ಅಮೆರಿಕದ ಒಂದು ಆಸ್ಪತ್ರೆಯ ಸ್ವಚ್ಛತಾ ಸಿಬ್ಬಂದಿಯ ಬಗ್ಗೆ 2001ರಲ್ಲಿ ಬರೆದರು. ಒಂದೇ ಪೊರಕೆ, ಒಂದೇ ಬಕೆಟ್ಟು. ಕೆಲವರು ನೆಲ ಒರೆಸುವುದಷ್ಟೇ ನಮ್ಮ ಕೆಲಸ ಎಂದರು. ಇನ್ನು ಕೆಲವರು ರೋಗಿ ಗುಣವಾಗುವುದರಲ್ಲಿ ನಮ್ಮ ಪಾಲೂ ಇದೆ ಎಂದು ತಿಳಿದು, ರೋಗಿಗಳನ್ನು ಮಾತಾಡಿಸುತ್ತ, ದಾದಿಯರಿಗೆ ನೆರವಾಗುತ್ತ ಕೆಲಸ ಮಾಡುತ್ತಿದ್ದರು.

ಈ ಅಧ್ಯಯನವನ್ನು ಮ್ಯಾನೇಜ್‌ಮೆಂಟ್ ತರಬೇತಿಗಳಲ್ಲಿ ಬಹಳ ಹೇಳುತ್ತಾರೆ. ಅಲ್ಲಿ ಹೇಳದೆ ಬಿಡುವ ಇನ್ನೊಂದು ಮಾತನ್ನು ನಾನು ಹೇಳಲೇಬೇಕು. 2016ರ ಸ್ವಚ್ಛ ಸರ್ವೇಕ್ಷಣದಲ್ಲಿ ನಮ್ಮ ಮೈಸೂರು ದೇಶಕ್ಕೇ ಮೊದಲ ಸ್ಥಾನ ಪಡೆಯಿತು. ಆ ಹೆಮ್ಮೆಯನ್ನು ದುಡಿದು ತಂದವರು ಪೌರಕಾರ್ಮಿಕರು. ಆರು ವರ್ಷದ ನಂತರ, 2022ರ ಜುಲೈನಲ್ಲಿ, ರಾಜ್ಯದ ಪೌರಕಾರ್ಮಿಕರು ಕೆಲಸ ಕಾಯಂ ಮಾಡಿ ಎಂದು ಪೊರಕೆ ಕೆಳಗಿಟ್ಟು ಬೀದಿಯಲ್ಲಿ ಕೂರಬೇಕಾಯಿತು. ಊರನ್ನು ಶುಚಿಯಾಗಿಡುವುದಕ್ಕಿಂತ ದೊಡ್ಡ ಉದ್ದೇಶ ಇನ್ನೇನಿದೆ? ಆದರೂ ಉದ್ದೇಶದಿಂದ ಅಕ್ಕಿ ಬರುವುದಿಲ್ಲ. ಸಂಬಳ ಕೇಳಿದಾಗ ಪ್ಯಾಶನ್ ಇರಬೇಕಮ್ಮ ಎಂದು ಉತ್ತರ ಕೊಡುವ ಕಡೆ ಕೆಲಸಕ್ಕೆ ಸೇರಬೇಡಿ. ಪಿಎಫ್ ಇದೆಯೇ, ಇಎಸ್‌ಐ ಇದೆಯೇ, ಕಾಂಟ್ರಾಕ್ಟೇ ನೇರ ನೇಮಕವೇ, ಎರಡನೇ ಶಿಫ್ಟ್ ಮುಗಿಸಿದ ಹೆಣ್ಣುಮಕ್ಕಳನ್ನು ಮನೆ ಮುಟ್ಟಿಸುವ ಬಸ್ಸಿದೆಯೇ ಎಂದು ಕೇಳುವುದು ನಾಚಿಕೆಯ ಮಾತಲ್ಲ.

ಕೆಲಸವನ್ನೂ ಅದರ ಉದ್ದೇಶವನ್ನೂ ಒಟ್ಟಿಗೆ ಹೇಳುವ ಒಂದು ಪದವೇ ನಮ್ಮಲ್ಲಿ ಇದೆ, ಕಾಯಕ. ಹನ್ನೆರಡನೇ ಶತಮಾನದ ಶರಣರು ತಮ್ಮ ಕೆಲಸವನ್ನು ಹೆಸರಿನ ಮುಂದೆಯೇ ಇಟ್ಟುಕೊಂಡರು: ನುಲಿಯ ಚಂದಯ್ಯ ಹಗ್ಗ ಹೊಸೆದ, ಅಂಬಿಗರ ಚೌಡಯ್ಯ ದೋಣಿ ನಡೆಸಿದ, ಮಡಿವಾಳ ಮಾಚಯ್ಯ ಬಟ್ಟೆ ಒಗೆದ. ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಹಿಂದಕ್ಕೆ ಸುರಿದು ಬರಲು ಕಳಿಸಿದ ಕತೆ ನಮಗೆಲ್ಲ ಗೊತ್ತು. ಕಾಯಕದ ಪಕ್ಕದಲ್ಲಿ ದಾಸೋಹ ಇತ್ತು. ದುಡಿದದ್ದು ಯಾರಿಗೆ ಹೋಗಿ ಮುಟ್ಟುತ್ತದೆ ಎಂಬುದು ಕೆಲಸದ ಅರ್ಧ ಭಾಗವೇ ಆಗಿತ್ತು. ಆದರೆ ಶರಣರ ಕಾಲದ ನಂತರವೂ ಈ ನಾಡಿನಲ್ಲಿ ಕೆಲಸ ಹುಟ್ಟಿನಿಂದಲೇ ಗೊತ್ತಾಗುತ್ತಿತ್ತು ಎಂಬುದನ್ನು ಮರೆಯಬಾರದು. ನನ್ನ ತಾತನಿಗೆ ನಿನ್ನ ಪ್ಯಾಶನ್ ಏನು ಎಂದು ಯಾರೂ ಕೇಳಲಿಲ್ಲ. ಅವರಪ್ಪನ ನೇಗಿಲು ಅವರ ಹೆಗಲಿಗೆ ಬಂತು. 1916ರಲ್ಲಿ ನಾಲ್ವಡಿಯವರ ಕಾಲದಲ್ಲಿ ಮೈಸೂರು ವಿಶ್ವವಿದ್ಯಾಲಯ ಆಯಿತು, 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಗಿ ಸರ್ಕಾರಿ ಕೆಲಸ ಹಿಂದುಳಿದವರಿಗೂ ಸಿಗಬೇಕು ಎಂಬ ದಾರಿ ತೆರೆಯಿತು. ಆಯ್ಕೆ ಮಾಡುವ ಕಷ್ಟ ನಮ್ಮ ಮಕ್ಕಳಿಗೆ ಬಂದಿರುವುದು ಹೀಗೆ, ಹಿಂದಿನವರು ಹೋರಾಡಿ ಕೊಟ್ಟದ್ದರಿಂದ.

ಒಲವೇ ಇಲ್ಲ ಎನ್ನುವವರ ಮಾತಾಯಿತು. ಒಲವು ಇದೆ, ಮನೆಯವರು ಬಿಡುತ್ತಿಲ್ಲ ಎನ್ನುವ ಮಕ್ಕಳೂ ಇದ್ದಾರೆ. ಕತೆ ಬರೆಯುವವರು, ನಾಟಕ ಆಡುವವರು, ಕ್ಯಾಮೆರಾ ಹಿಡಿದವರು. ಅವರಿಗೆ ಮೈಸೂರಿನ ಇಬ್ಬರು ಬರಹಗಾರರನ್ನು ತೋರಿಸುತ್ತೇನೆ.

ಆರ್.ಕೆ. ನಾರಾಯಣ್ ಕಾಲೇಜಿನ ಪ್ರವೇಶ ಪರೀಕ್ಷೆಯಲ್ಲಿ ಫೇಲಾಗಿ ಒಂದು ವರ್ಷ ಮನೆಯಲ್ಲಿ ಕೂತು ಓದಿದವರು. 1930ರಲ್ಲಿ ಮಹಾರಾಜ ಕಾಲೇಜಿನಿಂದ ಬಿ.ಎ. ಆಯಿತು. ಚನ್ನಪಟ್ಟಣದಲ್ಲಿ ಮೇಷ್ಟರ ಕೆಲಸ ಸಿಕ್ಕಿತು. ಕೆಲವೇ ದಿನದಲ್ಲಿ ಬಿಟ್ಟು ಬಂದರು, ಬರೆಯುತ್ತೇನೆ ಎಂದರು. ಬರವಣಿಗೆಯ ಮೊದಲ ವರ್ಷದ ಸಂಪಾದನೆ ಒಂಬತ್ತು ರೂಪಾಯಿ ಹನ್ನೆರಡಾಣೆ. ಮೊದಲ ಕಾದಂಬರಿ ಸ್ವಾಮಿ ಅಂಡ್ ಫ್ರೆಂಡ್ಸ್ ಹೊರಬಂದದ್ದು 1935ರಲ್ಲಿ. ಆ ಐದು ವರ್ಷ ಅವರಿಗೆ ಊಟ ಹಾಕಿದ್ದು ಕೂಡು ಕುಟುಂಬದ ಮನೆ. ತಂದೆ ಹೆಡ್‌ಮಾಸ್ಟರು. ಆ ಮನೆ ಇಲ್ಲದಿದ್ದರೆ ಮಾಲ್ಗುಡಿ ಹುಟ್ಟುವುದು ಕಷ್ಟವಿತ್ತು.

ಎಸ್.ಎಲ್. ಭೈರಪ್ಪನವರಿಗೆ ಅಂಥ ಮನೆ ಇರಲಿಲ್ಲ. ಎಳವೆಯಲ್ಲೇ ತಾಯಿಯನ್ನು ಪ್ಲೇಗಿಗೆ ಕಳೆದುಕೊಂಡರು, ವಾರಾನ್ನ ಮಾಡಿದರು, ಸಿನಿಮಾ ಟೆಂಟಿನ ಗೇಟು ಕಾದರು. ಮೈಸೂರಿನಲ್ಲಿ ತತ್ವಶಾಸ್ತ್ರ ಓದಿ ಮೇಷ್ಟರಾದರು. ಹುಬ್ಬಳ್ಳಿ, ಗುಜರಾತು, ದೆಹಲಿ ಸುತ್ತಿ, ಕೊನೆಗೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಕಾಲೇಜಿನಿಂದ 1991ರಲ್ಲಿ ನಿವೃತ್ತರಾದರು. ವಂಶವೃಕ್ಷ 1965ರದ್ದು, ಪರ್ವ 1979ರದ್ದು. ಎರಡೂ ಸಂಬಳದ ಕೆಲಸದಲ್ಲಿದ್ದಾಗ ಬರೆದವು. ಕೆಲಸವೇ ಅವರ ಬರವಣಿಗೆಯನ್ನು ಯಾವ ಪ್ರಕಾಶಕನ, ಯಾವ ಸಂಬಂಧಿಕನ ಹಂಗಿಗೂ ಬೀಳದಂತೆ ಕಾದದ್ದು.

ಇಬ್ಬರೂ ದೊಡ್ಡವರೇ. ನಿಮ್ಮ ದಾರಿ ಯಾವುದೆಂದು ತಿಳಿಯಲು ಭಾಷಣ ಕೇಳಬೇಕಾಗಿಲ್ಲ, ನಿಮ್ಮ ಮನೆಯ ಅಡುಗೆಮನೆ ನೋಡಿ. ಐದು ವರ್ಷ ಸಂಪಾದನೆಯಿಲ್ಲದೆ ಕೂರಿಸಿ ಅನ್ನ ಹಾಕುವ ಶಕ್ತಿ ಮನೆಗಿದ್ದರೆ, ಮನೆಯವರು ಒಪ್ಪಿದರೆ, ನಾರಾಯಣರಂತೆ ಹೊರಡಿ. ಎಜುಕೇಶನ್ ಲೋನಿನ ಕಂತು ಕಾದಿದ್ದರೆ, ತಂಗಿಯ ಫೀಸು ನಿಮ್ಮ ಮೇಲಿದ್ದರೆ, ಭೈರಪ್ಪನವರ ದಾರಿಯಲ್ಲಿ ಏನೂ ಕೊರತೆಯಿಲ್ಲ. ಬೆಳಿಗ್ಗೆ ಎದ್ದು ಎರಡು ಗಂಟೆ ಬರೆಯಿರಿ, ಆಮೇಲೆ ಕೆಲಸಕ್ಕೆ ಹೋಗಿ. ಒಲವನ್ನು ಉಣ್ಣಿಸಲು ದುಡಿಯುವುದು ಒಲವಿಗೆ ಮಾಡುವ ದ್ರೋಹವಲ್ಲ.

ಇನ್ನು ಕೆಲಸಕ್ಕಾಗಿ ಕಾಯುವವರ ವಿಷಯಕ್ಕೆ ಬರುತ್ತೇನೆ. ನಮ್ಮ ಸುತ್ತಿನ ಹಳ್ಳಿಗಳ ಎಷ್ಟೋ ಮಕ್ಕಳು ಮೈಸೂರಿನಲ್ಲಿ ರೂಮು ಮಾಡಿಕೊಂಡು, ಲೈಬ್ರರಿಯಲ್ಲಿ ಕೂತು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಾರೆ. 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ ನಡೆದದ್ದು 2021ರ ಅಕ್ಟೋಬರಿನಲ್ಲಿ. ಅಕ್ರಮ ಹೊರಬಿದ್ದು 2022ರ ಏಪ್ರಿಲಿನಲ್ಲಿ ರದ್ದಾಯಿತು. ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿದವರ ಎರಡು ವರ್ಷಕ್ಕೂ ಹೆಚ್ಚು ಕಾಲ ಅವರ ತಪ್ಪಿಲ್ಲದೆ ಹೋಯಿತು. ಖಾಸಗಿಯಲ್ಲೂ ಕಾಯುವಿಕೆ ತಪ್ಪಿದ್ದಲ್ಲ. ಇನ್ಫೋಸಿಸ್ಸಿನ ಆಫರ್ ಲೆಟರ್ ಕೈಯಲ್ಲಿ ಹಿಡಿದು ಎರಡು ವರ್ಷದಷ್ಟು ಕಾದು, ಕೊನೆಗೆ ಮೈಸೂರಿನ ಹೆಬ್ಬಾಳದ ಕ್ಯಾಂಪಸ್ಸಿಗೆ ತರಬೇತಿಗೆ ಬಂದವರಲ್ಲಿ ಮುನ್ನೂರಕ್ಕೂ ಹೆಚ್ಚು ಮಂದಿಯನ್ನು 2025ರ ಫೆಬ್ರವರಿಯಲ್ಲಿ ಮನೆಗೆ ಕಳಿಸಲಾಯಿತು. ಮೂರು ಅವಕಾಶ ಕೊಟ್ಟರೂ ಆಂತರಿಕ ಪರೀಕ್ಷೆ ಪಾಸಾಗಲಿಲ್ಲ ಎಂದು ಕಂಪನಿ ಹೇಳಿತು. ಊರಲ್ಲಿ ಸಿಹಿ ಹಂಚಿ ಬಂದ ಮಕ್ಕಳು ಅವರು. ಆ ಮಕ್ಕಳ ಮುಖ ನೆನೆದರೆ ಸಂಕಟವಾಗುತ್ತದೆ.

ಅದಕ್ಕೇ ಹೇಳುವುದು, ಬರೀ ಕಾಯುವ ಕೆಲಸ ಮಾಡಬೇಡಿ. ಪರೀಕ್ಷೆಗೆ ಓದುವವರು ಇಷ್ಟು ಪ್ರಯತ್ನ, ಇಷ್ಟು ವರ್ಷ ಎಂದು ಮೊದಲೇ ಬರೆದಿಟ್ಟುಕೊಳ್ಳಿ, ಅಪ್ಪ ಅಮ್ಮನಿಗೂ ಹೇಳಿಡಿ. ಓದುವ ಕಾಲದಲ್ಲೂ ವಾರಕ್ಕೆ ಎರಡು ದಿನವಾದರೂ ಕೈಗೆ ಕೆಲಸ ಇರಲಿ. ರಾಜ್ಯ ಸರ್ಕಾರದ ಯುವನಿಧಿಯಲ್ಲಿ ಅರ್ಹ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಎರಡು ವರ್ಷದ ಮಟ್ಟಿಗೆ ಸಿಗುತ್ತದೆ. ಅದು ಬಸ್ ಚಾರ್ಜಿಗೆ, ಅರ್ಜಿ ಶುಲ್ಕಕ್ಕೆ ಒದಗುವ ಹಣ. ಅದನ್ನು ಹುಡುಕಾಟಕ್ಕೆ ಬಳಸಿ.

ಇನ್ನೊಂದು ದಾರಿಯೂ ಇದೆ, ನಮ್ಮ ಪದವಿ ಕಾಲೇಜುಗಳಲ್ಲಿ ಅದನ್ನು ಹೇಳುವವರು ಕಡಿಮೆ. ಅಪ್ರೆಂಟಿಸ್ ಎಂದರೆ ಐಟಿಐ ಹುಡುಗರಿಗೆ ಮಾತ್ರ ಎಂದು ಎಲ್ಲರೂ ತಿಳಿದಿದ್ದಾರೆ. ಅಪ್ರೆಂಟಿಸ್ ಕಾಯ್ದೆ 1961ರದ್ದು ನಿಜ, ಆದರೆ 2014ರ ತಿದ್ದುಪಡಿಯಿಂದ ಬಿ.ಎ., ಬಿ.ಕಾಂ., ಬಿ.ಎಸ್ಸಿ. ಓದಿದವರಿಗೂ ಅದು ತೆರೆದಿದೆ. 2019ರ ನಿಯಮದಲ್ಲಿ ಪದವೀಧರ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಎಂದು ಗೊತ್ತುಮಾಡಿದರು. ಮುಗಿದ ಮೇಲೆ ಕಾಯಂ ಮಾಡಲೇಬೇಕೆಂಬ ಕಟ್ಟುಪಾಡು ಕಂಪನಿಗಿಲ್ಲ, ಇದನ್ನು ತಿಳಿದೇ ಸೇರಬೇಕು. ಆದರೂ ಒಂದು ವರ್ಷ ಗೋಡೆಯ ಒಳಗಿದ್ದು ಸ್ಟೋರ್ಸು, ಪರ್ಚೇಸು, ಕ್ವಾಲಿಟಿ, ಡಿಸ್ಪ್ಯಾಚ್ ಎಲ್ಲ ಕಣ್ಣಾರೆ ಕಂಡವರಿಗೂ, ಬಸ್ಸಿನ ಕಿಟಕಿಯಿಂದ ಗೇಟು ನೋಡಿದವರಿಗೂ ಅಜಗಜಾಂತರ. ಒಳಗೆ ಹೋದ ಮೇಲೆ ದಿನಕ್ಕೊಮ್ಮೆ ಎರಡು ಪ್ರಶ್ನೆ ಕೇಳಿಕೊಳ್ಳಿ. ಇವತ್ತು ಹೊತ್ತು ಹೋದದ್ದೇ ಗೊತ್ತಾಗದಂತೆ ಮಾಡಿದ ಕೆಲಸ ಯಾವುದು? ನಾನು ಮಾಡಿದ್ದರಿಂದ ಯಾರ ಕಷ್ಟ ಒಂದಿಷ್ಟು ಕಡಿಮೆಯಾಯಿತು? ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆರು ತಿಂಗಳಾದ ಮೇಲೆ ತೆಗೆದು ಓದಿದರೆ, ಆ ಇಂಟರ್‌ವ್ಯೂ ಪ್ರಶ್ನೆಗೆ ಉತ್ತರ ನಿಮ್ಮದೇ ಅಕ್ಷರದಲ್ಲಿ ಇರುತ್ತದೆ. ಎರಡಕ್ಕೂ ಒಂದು ದಿನವೂ ಉತ್ತರ ಸಿಗಲಿಲ್ಲವೇ? ಆ ಕೆಲಸ ಬಿಡಿ, ತಪ್ಪಿಲ್ಲ. ಆದರೆ ಆರು ತಿಂಗಳು ಕೊಟ್ಟು ಬಿಡಿ.

ತಂದೆ ತಾಯಂದಿರಲ್ಲಿ ಒಂದು ಮಾತು. ಹೆಣ್ಣುಮಗಳು ಫ್ಯಾಕ್ಟರಿಗಾ ಎಂದು ಮೂಗೆಳೆಯಬೇಡಿ. ಡಿಗ್ರಿ ಓದಿ ಒಂಬತ್ತು ಸಾವಿರಕ್ಕಾ ಎಂದು ನಾಲ್ಕು ಜನರೆದುರು ಆಡಬೇಡಿ. ಪಕ್ಕದ ಮನೆಯವರ ಮಗ ಬೆಂಗಳೂರಿನಲ್ಲಿ ಎಷ್ಟು ತೆಗೆದುಕೊಳ್ಳುತ್ತಾನೆ ಎಂಬ ಲೆಕ್ಕ ನಿಮ್ಮ ಮಗಳ ಮೊದಲ ವರ್ಷಕ್ಕೆ ಬೇಡ. ಅವಳು ಕಲಿಯುತ್ತಿದ್ದಾಳೆಯೇ ಎಂದು ಮಾತ್ರ ನೋಡಿ.

ಅಕ್ಕನ ಮಗಳಿಗೆ ಮೈಸೂರಿನ ಆ ಕೆಲಸ ಸಿಗಲಿಲ್ಲ. ನಾನೇ ಪರಿಚಯದವರನ್ನು ಕೇಳಿ, ಇಲ್ಲೇ ಸರಕು ಸಾಗಣೆಯ ಒಂದು ಸಣ್ಣ ಆಫೀಸಿನಲ್ಲಿ ಒಂದು ದಿನ ಅವಳು ಕೂತು ನೋಡಲು ಅನುಮತಿ ಪಡೆದೆ. ಬೆಳಿಗ್ಗೆ ಒಂಬತ್ತಕ್ಕೆ ಹೋದವಳು ಸಂಜೆ ಆರಕ್ಕೆ ಬಂದಳು. ಬಿಲ್ಲಿನಲ್ಲಿ ತೂಕ ತಾಳೆಯಾಗದೆ ನಿಂತಿದ್ದ ಒಂದು ಲಾರಿಯ ಕತೆಯನ್ನು ಊಟದ ತನಕ ಹೇಳಿದಳು. ಡ್ರೈವರು ತಮಿಳುನಾಡಿನವನು, ಎರಡು ದಿನದಿಂದ ಅಲ್ಲೇ ಇದ್ದನಂತೆ. ತಪ್ಪು ಎಲ್ಲಿದೆ ಎಂದು ಅವಳ ಕಣ್ಣಿಗೂ ಬಿತ್ತಂತೆ. ಮುಂದಿನ ವಾರ ಮತ್ತೆ ಹೋಗಲಾ ಎಂದು ಅವಳೇ ಕೇಳಿದಳು.

ಕಡಕೊಳ, ನಂಜನಗೂಡು, ಹೂಟಗಳ್ಳಿ, ಹೆಬ್ಬಾಳದ ಕಾರ್ಖಾನೆಗಳನ್ನು ನಡೆಸುವವರಲ್ಲಿ, ಸುತ್ತಲಿನ ಕಾಲೇಜುಗಳ ಪ್ರಾಂಶುಪಾಲರಲ್ಲಿ ನನ್ನದೊಂದು ಕೋರಿಕೆ. ತಿಂಗಳಿಗೆ ಒಂದು ದಿನ, ಇಪ್ಪತ್ತೇ ವಿದ್ಯಾರ್ಥಿಗಳನ್ನು, ಗೇಟಿನ ಒಳಗೆ ಬಿಟ್ಟುಕೊಳ್ಳಿ. ಭಾಷಣ ಬೇಡ, ಪ್ರಮಾಣಪತ್ರ ಬೇಡ. ಕೆಲಸ ಮಾಡುವವರ ಪಕ್ಕದಲ್ಲಿ ಒಂದು ಕುರ್ಚಿ ಹಾಕಿ ಕೂರಿಸಿ. ಸಂಜೆ ಅವರನ್ನು ಊರಿನ ಬಸ್ಸಿಗೆ ಹತ್ತಿಸಿ.